ಕಣ್ಣು ತೆರೆಸಿದ ಫೋಟೋ

ಗುಂಡ್ಲುಪೇಟೆ
12-7-2008, ಶನಿವಾರ

ಗೆಳೆಯ ಪುಟ್ಟಬಸಪ್ಪನಿಗೆ ಹಿದಾಯತ್ ಉಲ್ಲಾನ ಸಲಾಮು.

ನೀನು ಯುಗಾದಿಗೆ ಬರೆದ ಕಾಗದಕ್ಕೆ ಆಷಾಢದಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಅಲ್ಲಿಂದಲೇ ಬೈದುಕೊ. ಫೋನು ಮಾಡಬಹುದಿತ್ತಲ್ಲ ಎಂದು ಮಾತ್ರ ಕೇಳಬೇಡ. ನಿನ್ನ ಕಿವಿ ಮಂದವಾದ ಮೇಲೆ ನಿನಗೆ ಫೋನಿನಲ್ಲಿ ಹೇಳಿದ ಮಾತು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿಗೆಲ್ಲ ಕೇಳುತ್ತದೆ, ನಿನಗೊಬ್ಬನಿಗೆ ಬಿಟ್ಟು. ಹೋದ ಸಲ ನಿನ್ನ ಬಿ.ಪಿ. ಎಷ್ಟಿದೆ ಎಂದು ಕೂಗಿ ಕೇಳಿದ್ದಕ್ಕೆ ಎದುರಿನ ಟೀ ಅಂಗಡಿಯವನು ಬಂದು ತನ್ನದು ಹೇಳಿ ಹೋದ. ಈಗ ಹೇಳಬೇಕಾದ್ದು ಹಾಗೆ ಕೂಗಿ ಹೇಳುವಂಥದ್ದಲ್ಲ.

ನಿನ್ನ ಚಿಂತಾಮಣಿಯಲ್ಲಿ ಮಳೆ ಹೇಗಿದೆ? ಇಲ್ಲಿ ಮೋಡ ಬರುತ್ತದೆ, ಕೇರಳದ ತರಕಾರಿ ಲಾರಿಗಳ ಜೊತೆ ಹಾಗೇ ಹೊರಟುಹೋಗುತ್ತದೆ. ಆಷಾಢವೆಂದು ಮದುವೆಗಳೂ ಇಲ್ಲ. ಸ್ಟುಡಿಯೋದಲ್ಲಿ ಕೂತು ಪಾಸ್‌ಪೋರ್ಟ್ ಸೈಜಿನವರಿಗೆ ಕಾಯುತ್ತೇನೆ. ಕ್ಯಾಮೆರಾ ಬಿಟ್ಟು ರೇಷ್ಮೆ ಇಲಾಖೆ ಸೇರಿದ ನೀನೇ ಜಾಣ. ನಿನ್ನ ಹುಳುಗಳು ಅಲುಗಾಡಿದರೂ ಫೋಟೋ ಕೆಟ್ಟಿತೆಂದು ಯಾರೂ ಜಗಳಕ್ಕೆ ಬರುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಕಂಪ್ಯೂಟರ್ ಮಲಗಿಬಿಟ್ಟಿದೆ. ಜೂನ್ ಕೊನೆಯಲ್ಲಿ ಒಂದು ದಿನ ಕರೆಂಟು ಹೋಯಿತು, ಬರುವಾಗ ಜೋರಾಗಿ ಬಂತು. ಅವತ್ತಿನಿಂದ ಗುಂಡಿ ಒತ್ತಿದರೆ ಪರದೆ ಕಪ್ಪಗೇ ಇರುತ್ತದೆ, ಡಬ್ಬದೊಳಗಿಂದ ಟಿಕ್ ಟಿಕ್ ಎಂಬ ಸದ್ದು ಮಾತ್ರ ಬರುತ್ತದೆ. ನಾವು ಚಾಮರಾಜನಗರದಲ್ಲಿ ಗುರುಮಲ್ಲಯ್ಯ ಮೇಷ್ಟ್ರ ಸ್ಟುಡಿಯೋದಲ್ಲಿ ಕೆಲಸ ಕಲಿಯುವಾಗ ಹಲ್ಲಿ ಲೊಚಗುಟ್ಟಿದರೆ ನೀನು ನೆಲ ಮುಟ್ಟಿ ದೇವರನ್ನು ನೆನೆಯುತ್ತಿದ್ದೆ, ನಾನು ನಗುತ್ತಿದ್ದೆ. ಈಗ ಈ ಸದ್ದು ಕೇಳಿ ನಾನೂ ಏನನ್ನಾದರೂ ಮುಟ್ಟೋಣವೆಂದರೆ ಏನನ್ನು ಮುಟ್ಟುವುದೋ ಗೊತ್ತಾಗುತ್ತಿಲ್ಲ.

ಬಸ್ ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮಂಟೇಸ್ವಾಮಿ ಬಂದು ಡಬ್ಬ ಬಿಚ್ಚಿ ಕಿವಿಯಿಟ್ಟು ಕೇಳಿದ. "ಹಾರ್ಡ್ ಡಿಸ್ಕ್ ಓಗದ ಸಾಬ್ರೆ. ವಸಾದು ಆಕ್ಬುಟ್ರೆ ಮೊದ್ಲಿನಂಗೇ ಓಡ್ತದ. ಅಳೇದ್ರಲ್ಲಿ ಇದ್ದದ್ದ ಮರ್ತ್‌ಬುಡಿ" ಎಂದ. ಬಸ್ಸಿನಲ್ಲಿ ಛತ್ರಿ ಬಿಟ್ಟುಬಂದವನಿಗೆ ಹೇಳುವ ಹಾಗೆ ಹೇಳಿದ. ನನಗೆ ಎಲ್ಲಿತ್ತೋ ಕೋಪ, ಅವನ ಸ್ಕ್ರೂಡ್ರೈವರ್ ಕಿತ್ತುಕೊಂಡು ಆಚೆ ಹೋಗಯ್ಯ ಎಂದುಬಿಟ್ಟೆ. ಪಾಪ, ಅವನದೇನು ತಪ್ಪು? ಅದರೊಳಗೆ ಸುಮಯ್ಯ ಇದ್ದಾಳೆಂದು ಅವನಿಗೆ ಹೇಗೆ ಗೊತ್ತಾಗಬೇಕು!

ಪುಟ್ಟ, ನೀನು ನನ್ನನ್ನು ಬೈಯಲೇಬೇಕಾದ ಜಾಗ ಇದು. ನನ್ನ ಮಗಳು ಹದಿನಾಲ್ಕು ವರ್ಷದವರೆಗೆ ಆಲ್ಬಮ್ಮಿನಲ್ಲಿದ್ದಾಳೆ. ತೊಟ್ಟಿಲಲ್ಲಿ, ಹಲ್ಲು ಬಿದ್ದ ಬಾಯಿಯಲ್ಲಿ, ನಿನ್ನ ಸೈಕಲ್ ಕಂಬಿಯ ಮೇಲೆ, ಎಲ್ಲವೂ ರೀಲಿನ ಕಾಲದವು, ನೆಗೆಟಿವ್ ಸಮೇತ ಇವೆ. ಆಮೇಲೆ ಡಿಜಿಟಲ್ ಕ್ಯಾಮೆರಾ ಬಂತು. ತಾಲ್ಲೂಕಿನ ಮಕ್ಕಳ ಫೋಟೋಗಳನ್ನೆಲ್ಲ ಪ್ರಿಂಟ್ ಹಾಕಿಸಿ, ಸಿ.ಡಿ. ಮಾಡಿ ಕೊಟ್ಟ ನಾನು, ನಮ್ಮದು ಕಂಪ್ಯೂಟರಿನಲ್ಲೇ ಇದೆಯಲ್ಲ, ಯಾವಾಗ ಬೇಕಾದರೂ ಹಾಕಿಸಬಹುದು ಎಂದು ಸುಮ್ಮನಿದ್ದೆ. ಮುಂದಿನ ಮದುವೆಗೆ ಜಾಗ ಬೇಕೆಂದು ಕ್ಯಾಮೆರಾದ ಕಾರ್ಡನ್ನು ಅವತ್ತವತ್ತೇ ಅಳಿಸುತ್ತಿದ್ದೆ. ಹೀಗೆ ಅವಳ ಕೊನೆಯ ಮೂರು ವರ್ಷದ ಒಂದು ಚೂರು ಕಾಗದವೂ ನಮ್ಮ ಮನೆಯಲ್ಲಿಲ್ಲ. ಇರುವುದು ಕಾಲೇಜಿನ ಗುರುತಿನ ಚೀಟಿಯೊಂದೇ. ಅದರಲ್ಲಿ ಪ್ರಿನ್ಸಿಪಾಲರ ಮೊಹರು ಸರಿಯಾಗಿ ಕಣ್ಣಿನ ಮೇಲೆ ಬಿದ್ದು ಮಸಿ ಹರಡಿಕೊಂಡಿದೆ.

ಎರಡನೇ ಪಿಯುಸಿ ಪರೀಕ್ಷೆಗೆ ಹದಿನೈದು ದಿನವಿರುವಾಗ ಜ್ವರ ಬಂದು, ಹನ್ನೊಂದೇ ದಿನದಲ್ಲಿ ಅವಳು ಹೋದದ್ದು ನಿನಗೆ ಗೊತ್ತು. ಮೂರನೆಯ ದಿನ ನೀನು ಬಂದು ನನ್ನ ಪಕ್ಕದಲ್ಲಿ ಕೂತಿದ್ದೆ. ಆಮೇಲಿನ ಎರಡು ವರ್ಷ ನಾನು ಅವಳ ತಾಯಿ ದಿಲ್ಶಾದಳನ್ನು ಎಷ್ಟೋ ಸಲ ಕೇಳಿದೆ, ಪ್ರಿಂಟ್ ಹಾಕಿಸಲಾ ಎಂದು. ಪ್ರತಿಸಲವೂ ಅವಳು "ಈಗ ಬೇಡ, ನನ್ನ ಕೈಲಿ ನೋಡಲು ಆಗುವುದಿಲ್ಲ" ಎನ್ನುತ್ತಿದ್ದಳು. ಅವಳ ಮಾತು ನನಗೂ ಅನುಕೂಲವಾಗಿಯೇ ಇತ್ತು ಎಂದಿಟ್ಟುಕೊ. ಈಗ ಕಂಪ್ಯೂಟರ್ ಹೋಯಿತೆಂದು ಹೇಳಿದ ದಿನ ಅವಳು ಒಲೆ ಆರಿಸಿ ಬಂದು ಕೂತಳು. "ನನ್ನ ಮಗಳು ಚಿಕ್ಕವಳಿದ್ದಾಗ ಹೋಗಲಿಲ್ಲ, ದೊಡ್ಡವಳಾಗಿ ಹೋದಳು. ನನಗೆ ಆ ದೊಡ್ಡ ಮುಖ ಬೇಕು. ನೋಡುತ್ತೇನೆ ಈಗ" ಎಂದಳು.

ಅದೇ ವಾರ ಬೇಗೂರಿನಿಂದ ಮಲ್ಲಾಜಮ್ಮ ಬಂದರು. ಅವರ ಮಗಳು ರಮ್ಯಳ ವಿಷಯ ನಿನಗೆ ಆಗಲೇ ಬರೆದಿದ್ದೆ. 2005ರ ನವೆಂಬರಿನಲ್ಲಿ ಚೆಂಡುಹೂವಿನ ಹೊಲದಲ್ಲಿ ಹಾವು ಕಚ್ಚಿ ಹೋದ ಹುಡುಗಿ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟಿದ್ದಳು. ಪಡಿತರ ಚೀಟಿಯ ಫೋಟೋದಲ್ಲಿ ಅವ್ವನ ಭುಜದ ಹಿಂದೆ ಅರ್ಧ ಮುಖವಿರುವುದನ್ನು ಬಿಟ್ಟರೆ ಅವಳ ಫೋಟೋ ಎಲ್ಲೂ ಇರಲಿಲ್ಲ. ನನ್ನನ್ನು ಕರೆಸಿದಾಗ ಅವರ ಪದ್ಧತಿಯಂತೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ನಾನು ಆ ಒಂದು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಕಣ್ಣು ತೆರೆಸಿ, ಹಿಂದಿನ ಗೋಡೆ ತೆಗೆದು ನೀಲಿ ಬಣ್ಣ ಹಾಕಿ, ಕಟ್ಟು ಹಾಕಿಸಿ ಕೊಟ್ಟಿದ್ದೆ.

ನಾವು ಕಲಿತಾಗ ಈ ಕೆಲಸಕ್ಕೆ ಕುಂಚ, ಮಸಿ ಹಿಡಿಯಬೇಕಿತ್ತು. ಮೇಷ್ಟ್ರು ಒಂದು ಕೂದಲಿನ ಕುಂಚದಲ್ಲಿ ರೆಪ್ಪೆ ಬಿಡಿಸುತ್ತಾ ಹೇಳುತ್ತಿದ್ದುದು ನೆನಪಿದೆಯಾ? "ಸತ್ತೋರ ಕಣ್ಣ ತೆರ್ಸೋದು ಉಡುಗಾಟ ಅಲ್ಲ ಕಣ್ರಲಾ. ಯಾರ ಕಣ್ಣ ನೋಡ್ಕಂಡಾದ್ರೂ ಬರೀರಿ, ನಿಮ್ಮನೆಯೋರ ಕಣ್ಣ ಮಾತ್ರ ತಗೀಬೇಡಿ." ನೀನು ಹೌದು ಮೇಷ್ಟ್ರೇ ಎಂದು ತಲೆಯಾಡಿಸುತ್ತಿದ್ದೆ. ನಾನು, ತೆಗೆದರೆ ಏನಾಗುತ್ತೆ ಎಂದು ಎದುರು ವಾದಿಸಿ ತಲೆಗೆ ಮೊಟಕಿಸಿಕೊಂಡಿದ್ದೆ. ರಮ್ಯಳಿಗೆ ಯಾವುದೋ ಮದುವೆ ಆಲ್ಬಮ್ಮಿನ ಹುಡುಗಿಯ ಕಣ್ಣು ಹಾಕಿದೆನೆಂದು ನಿನಗೆ ಆಗ ತಿಳಿಸಿದ್ದೆನಲ್ಲ.

ಆ ಫೋಟೋಕ್ಕೆ ಈಗ ಗೋಡೆಯ ತೇವ ಹತ್ತಿದೆಯಂತೆ. ಮಲ್ಲಾಜಮ್ಮ ಸ್ಟುಡಿಯೋದ ಬೆಂಚಿನ ಮೇಲೆ ಕೂತು, "ಕೆಳ್ಗಿಂದ ಬೆಳ್ಳಗೆ ಏರ್ಕಂಡ್ ಬತ್ತಾ ಅದೆ ಸಾಬ್ರೆ. ಬಾಯಿ ಓಯ್ತು, ಮೂಗ್ ಅರ್ದ ಓಯ್ತು. ಇನ್ನೊಂದ್ ತಗ್ದುಕೊಡಿ" ಎಂದರು. ನಾನು ತಡವರಿಸಿದೆ. "ಯಾಕ್ ಸಾಬ್ರೆ, ಕಂಪ್ಯೂಟ್ರಿಗೆ ಆಕ್ಬುಟ್ರೆ ಯಾವತ್ಗೂ ಓಗಕಿಲ್ಲ ಅಂದಿದ್ರಲ್ಲ ನೀವೇಯ" ಎಂದು ಕೇಳಿದರು. ಅಂದಿದ್ದೆ ಪುಟ್ಟ. ಊರಿಗೆಲ್ಲ ಅದೇ ಮಾತು ಹೇಳಿಕೊಂಡು ತಿರುಗಿದ್ದೆ. ರಿಪೇರಿಗೆ ಕೊಟ್ಟಿದ್ದೇನೆ, ಬಂದ ತಕ್ಷಣ ಮಾಡಿಕೊಡುತ್ತೇನೆ ಎಂದು ಹೇಳಿ ಕಳಿಸಿದೆ.

ಮಂಟೇಸ್ವಾಮಿಯ ಹತ್ತಿರ ಕ್ಷಮೆ ಕೇಳಿ ಮತ್ತೆ ವಿಚಾರಿಸಿದೆ. ಚಾಮರಾಜನಗರದಲ್ಲಿ ರಂಜಿನಿ ಎಂಬ ಹೆಣ್ಣುಮಗಳು ಇಂಥ ಡಿಸ್ಕಿನಿಂದ ಫೋಟೋ ತೆಗೆಯುವ ಕೆಲಸ ಮಾಡುತ್ತಾಳಂತೆ. ಆದರೆ ಈ ಸದ್ದು ಬರುವ ಡಿಸ್ಕಿಗೆ ಕರೆಂಟು ಕೊಟ್ಟಷ್ಟೂ ಅದು ಸಾಯುತ್ತದಂತೆ. ತೆಗೆಯಲು ಹೋದರೆ ಸಿಕ್ಕರೂ ಸಿಗಬಹುದು, ಹೋದದ್ದರಿಂದಲೇ ಎಲ್ಲವೂ ಮುಗಿದರೂ ಮುಗಿಯಬಹುದು. ಮುಟ್ಟದೆ ಪೆಟ್ಟಿಗೆಯಲ್ಲಿಟ್ಟರೆ ಒಳಗೆ ಇದ್ದಾಳೆ ಎಂಬುದಾದರೂ ಉಳಿಯುತ್ತದೆ. ನನ್ನ ಮನಸ್ಸು ಈ ಕಡೆಗೇ ಎಳೆಯುತ್ತಿದೆ. ದಿಲ್ಶಾದ್ ಮಾತ್ರ, "ಇದೆ ಅಂದುಕೊಂಡು ಎಷ್ಟು ವರ್ಷ ಪೆಟ್ಟಿಗೆ ಕಾಯಲಿ? ಇದ್ದರೆ ಕೊಡಿ, ಇಲ್ಲದಿದ್ದರೆ ಇಲ್ಲ ಅನ್ನಿ" ಎನ್ನುತ್ತಾಳೆ.

ನೀನೇನು ಹೇಳುತ್ತೀ? ಬೇಗ ಬರೆ. ನನ್ನ ಹಾಗೆ ಮೂರು ತಿಂಗಳು ಮಾಡಬೇಡ.

ನಿನ್ನ
ಹಿದಾಯತ್

---

ಗುಂಡ್ಲುಪೇಟೆ
10-8-2008, ಭಾನುವಾರ

ಪುಟ್ಟಬಸಪ್ಪ,

ನಿನ್ನ ಕಾಗದ ಒಂದೇ ವಾರಕ್ಕೆ ಬಂತು. ಇಷ್ಟು ಬೇಗ ನೀನು ಉತ್ತರ ಬರೆದದ್ದು ಹುಟ್ಟಿದಾಗಿನಿಂದ ಇದೇ ಮೊದಲು. "ದಿಲ್ಶಾದಮ್ಮ ಹೇಳಿದಂತೆ ಮಾಡು, ನಿನ್ನ ಬುದ್ಧಿ ಉಪಯೋಗಿಸಬೇಡ" ಎಂದು ಈ ವಿಷಯಕ್ಕೆ ಎರಡೇ ಸಾಲು ಬರೆದಿದ್ದೀಯ. ಅದನ್ನು ಅವಳಿಗೆ ಓದಿ ಹೇಳಿದೆ. ಬಹಳ ದಿನಗಳ ಮೇಲೆ ಅವಳ ತುಟಿ ಸ್ವಲ್ಪ ಸಡಿಲಾಯಿತು. ಹಾಗೇ ಮಾಡಿದೆವು. ಏನಾಯಿತೆಂದು ಹೇಳಲು ಇಷ್ಟು ದಿನ ತಡಮಾಡಿದ್ದಕ್ಕೆ ಮಾತ್ರ ಈ ಸಲ ನನ್ನಲ್ಲಿ ಯಾವ ತಮಾಷೆಯ ನೆಪವೂ ಇಲ್ಲ. ಬರೆಯಲು ಕೈ ಬರಲಿಲ್ಲ.

ಡಬ್ಬ ತರಬೇಡಿ, ಡಿಸ್ಕ್ ಒಂದನ್ನೇ ತನ್ನಿ ಎಂದು ರಂಜಿನಿ ಫೋನಿನಲ್ಲಿ ಹೇಳಿದ್ದಳು. ಕ್ಯಾಮೆರಾ ಚೀಲದಲ್ಲಿ ಫ್ಲ್ಯಾಶ್ ಇಡುವ ಮೆತ್ತನೆಯ ಗೂಡಿದೆಯಲ್ಲ, ಅದರಲ್ಲಿಟ್ಟೆ. ಬಸ್ಸಿನಲ್ಲಿ ಚೀಲವನ್ನು ದಿಲ್ಶಾದ್ ನನಗೆ ಕೊಡಲಿಲ್ಲ. ತೆರಕಣಾಂಬಿ ದಾಟಿದ ಮೇಲೆ ರಸ್ತೆ ಹೇಗಿದೆ ಎಂದು ನಿನಗೆ ಗೊತ್ತು. ಪ್ರತಿ ಗುಂಡಿಗೂ ಅವಳು ಚೀಲವನ್ನು ತೊಡೆಯಿಂದ ಮೇಲೆತ್ತಿ ಗಾಳಿಯಲ್ಲಿ ಹಿಡಿಯುತ್ತಿದ್ದಳು. ಪಕ್ಕದ ಸೀಟಿನ ಹೆಂಗಸು "ಮೊಟ್ಟೆಯಾ ಬೂವಮ್ಮ?" ಎಂದು ಕೇಳಿದರು. ದಿಲ್ಶಾದ್ ಹೌದು ಎಂದಳು.

ಚಾಮರಾಜನಗರದಲ್ಲಿ ಮೇಷ್ಟ್ರ ಸ್ಟುಡಿಯೋ ಇದ್ದ ಬೀದಿಯಲ್ಲೇ ರಂಜಿನಿಯ ಅಂಗಡಿ. ಮೇಷ್ಟ್ರ ಜಾಗದಲ್ಲಿ ಈಗ ಮೊಬೈಲಿಗೆ ಹಾಡು ತುಂಬಿಸಿಕೊಡುತ್ತಾರೆ. ರಂಜಿನಿಗೆ ಮೂವತ್ತರ ಒಳಗಿರಬಹುದು. ಹರದನಹಳ್ಳಿಯಿಂದ ದಿನಾ ಸ್ಕೂಟಿಯಲ್ಲಿ ಬರುತ್ತಾಳಂತೆ. ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸುವ ಮೊದಲು ಅದನ್ನು ಒಂದು ಸ್ಟೀಲ್ ತಟ್ಟೆಯ ಮೇಲಿಟ್ಟು ಟೇಬಲ್ ಫ್ಯಾನ್ ತಿರುಗಿಸಿದಳು, ಬಿಸಿಯಾಗಬಾರದಂತೆ. ಆಮೇಲೆ ನಮ್ಮ ಕಡೆ ತಿರುಗಿ, "ಅಂಕಲ್, ನಾನು ಸುಳ್ಳು ಹೇಳಲ್ಲ. ಇದಕ್ಕೆ ಜೀವ ಬರೋದು ಒಂದ್ ಸಲ ಮಾತ್ರ. ಎಷ್ಟೊತ್ತು ಇರ್ತದೋ ಗೊತ್ತಿಲ್ಲ. ಎಲ್ಲಾ ಬೇಕು ಅಂದ್ರೆ ಏನೂ ಸಿಗಲ್ಲ. ಮೊದ್ಲು ಯಾವ್ದು ತೆಗೀಲಿ, ಅದ ಹೇಳಿ" ಎಂದಳು.

ಡಿಸ್ಕ್ ಟಿಕ್ ಟಿಕ್ ಎಂದಿತು. ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಸುಯ್ಯೆಂದು ತಿರುಗಿತು ಪುಟ್ಟ! ಪರದೆಯ ಮೇಲೆ ನನ್ನ ಫೋಲ್ಡರುಗಳೆಲ್ಲ ಸಾಲಾಗಿ ಬಂದವು. ಊರಿನ ಹೆಸರುಗಳು, ಮದುವೆಗಳ ಹೆಸರುಗಳು. ಮೇಲಿನ ಸಾಲಿನಲ್ಲಿ 'ಬೇಗೂರು', ನಾಲ್ಕೈದು ಸಾಲು ಕೆಳಗೆ 'ಮನೆ'. ದಿಲ್ಶಾದ್ ನನ್ನ ತೋಳು ಹಿಡಿದುಕೊಂಡಳು. ಅವಳಿಗೆ ಇಂಗ್ಲಿಷ್ ಅಕ್ಷರ ಓದಲು ಬರುವುದಿಲ್ಲ, ಆದರೂ ಏನೋ ಬಂತು ಎಂದು ಗೊತ್ತಾಯಿತು.

"ಬೇಗೂರು ಚಿಕ್ಕದು ಅಂಕಲ್, ಐದು ಫೈಲ್ ಅವೆ, ಒಂದ್ ನಿಮಿಷ ಸಾಕು. ಮನೆ ಅನ್ನೋದು ದೊಡ್ಡದು, ಸಾವ್ರದ ಮೇಲದೆ. ಚಿಕ್ಕದ್ನ ಮೊದ್ಲು ಎತ್ಕೊಂಡ್ಬುಡ್ಲಾ?" ಎಂದು ರಂಜಿನಿ ಕೇಳಿದಳು. ಮಲ್ಲಾಜಮ್ಮನ ಕೆಲಸವೂ ಇದೆಯೆಂದು ಅವಳಿಗೆ ಮೊದಲೇ ಹೇಳಿದ್ದೆ.

ನಾನು 'ಮನೆ' ಎಂದೆ.

ಒಂದೊಂದೇ ಹೆಸರು ಪರದೆಯ ಮೇಲೆ ದಾಟತೊಡಗಿತು. ಹನ್ನೊಂದು ದಾಟಿರಬೇಕು. ಡಿಸ್ಕಿನಿಂದ ಟಿಕ್ ಟಿಕ್ ಅಲ್ಲ, ತಗಡನ್ನು ಮೊಳೆಯಿಂದ ಗೀರಿದಂಥ ಸದ್ದು ಬಂತು. ರಂಜಿನಿ ಥಟ್ಟನೆ ವೈರು ಎಳೆದಳು. ಆರಲು ಬಿಟ್ಟು ಮತ್ತೆ ಹಾಕಿದಳು, ಇನ್ನೂ ಒಂದು ಸಲ ಹಾಕಿದಳು. ಆಮೇಲೆ ಕೈ ಒರೆಸಿಕೊಂಡು, "ಒಳಗಿನ ತಟ್ಟೇನೇ ಗೀರೋಗದೆ. ಇನ್ನು ಯಾರ ಕೈಗೆ ಕೊಟ್ರೂ ಅಷ್ಟೇಯ ಅಂಕಲ್. ಮದ್ರಾಸಿಗೆ ತಕ್ಕೊಂಡೋದ್ರೂ ಅಷ್ಟೇಯ" ಎಂದಳು. ದಿಲ್ಶಾದ್ ಕಡೆ ನೋಡಿ, "ಅಮ್ಮ, ಕಾಫಿ ತರಿಸ್ಲಾ?" ಎಂದಳು. ಒಳ್ಳೆಯ ಹುಡುಗಿ. ಏನು ಹೇಳಬೇಕೆಂದು ತಿಳಿಯದೆ ಕಾಫಿ ಎಂದಳು.

ಹನ್ನೊಂದರಲ್ಲಿ ಒಂಬತ್ತು ತೆರೆದವು. ಮನೆ ಫೋಲ್ಡರಿನ ಮೊದಲ ಒಂಬತ್ತು ಎಂದರೆ ಏನು ಗೊತ್ತಾ? ಹೊಸ ಕ್ಯಾಮೆರಾ ತಂದ ದಿನ ಪರೀಕ್ಷೆಗೆಂದು ತೆಗೆದವು. ಗೋಡೆ ಗಡಿಯಾರ. ಗಡಿಯಾರವೇ ಇನ್ನೊಂದು ಸಲ, ಫ್ಲ್ಯಾಶ್ ಹಾಕಿ. ನೀರಿನ ಡ್ರಮ್ಮು. ಒಲೆಯ ಮುಂದೆ ದಿಲ್ಶಾದಳ ಬೆನ್ನು. ನನ್ನ ಚಪ್ಪಲಿ! ಯಾಕೆ ತೆಗೆದೆನೋ ದೇವರಿಗೇ ಗೊತ್ತು. ಒಂದರಲ್ಲಿ ಬಾಗಿಲಿನಿಂದ ಆಚೆ ಓಡುತ್ತಿರುವ ಜಡೆಯ ತುದಿ. ಕೊನೆಯದರಲ್ಲಿ ಕ್ಯಾಮೆರಾಕ್ಕೆ ಅಡ್ಡ ಹಿಡಿದ ಒಂದು ಅಂಗೈ. ಬೇಡ ಅಬ್ಬಾ ಎಂದು ಸುಮಯ್ಯ ಅಡ್ಡ ಹಿಡಿದದ್ದು. ಫೋಟೋ ತುಂಬ ಅಂಗೈಯೇ, ಮಾಸಿದ ಮದರಂಗಿ, ಬೆರಳ ಸಂದಿಯಲ್ಲಿ ಸ್ವಲ್ಪ ಬೆಳಕು. ಮುಖ ಯಾವುದರಲ್ಲೂ ಇಲ್ಲ.

ದಿಲ್ಶಾದ್ ಅಳಲಿಲ್ಲ. ಆ ಅಂಗೈಯ ಫೋಟೋವನ್ನು ಅಲ್ಲೇ ಪ್ರಿಂಟ್ ಹಾಕಿಸಿ ಎಂದಳು. ರಂಜಿನಿಯ ಹತ್ತಿರ ಇದ್ದದ್ದು ಸಾದಾ ಹಾಳೆ, ಅದರಲ್ಲೇ ಹಾಕಿಕೊಟ್ಟಳು. ವಾಪಸು ಬರುವಾಗ ದಿಲ್ಶಾದ್ ಚೀಲ ನನ್ನ ಕೈಗೆ ಕೊಟ್ಟಳು, ಆ ಹಾಳೆಯನ್ನು ಮಡಿಸದೆ ತೊಡೆಯ ಮೇಲಿಟ್ಟುಕೊಂಡು ಬಂದಳು. ಮನೆಗೆ ಬಂದ ಮೇಲೆ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಆಲ್ಬಮ್ಮಿನ ಪೆಟ್ಟಿಗೆಯಲ್ಲಿಟ್ಟು, "ಇದನ್ನು ಇನ್ನು ಯಾರೂ ಬಿಚ್ಚುವುದು ಬೇಡ" ಎಂದಳು. ಸಂಜೆ ಎಂದಿನಂತೆ ಅಡುಗೆ ಮಾಡಿದಳು. ನನಗೆ ಅವಳ ಮುಖ ನೋಡಲು ಧೈರ್ಯ ಬರಲಿಲ್ಲ. ಈಗಲೂ ಬರುತ್ತಿಲ್ಲ.

ಮಂಟೇಸ್ವಾಮಿ ಹೊಸ ಡಿಸ್ಕ್ ಹಾಕಿಕೊಟ್ಟ. ಶ್ರಾವಣ ಬಂತಲ್ಲ, ಮದುವೆಗಳು ಶುರುವಾಗುತ್ತವೆ. ಕಂಪ್ಯೂಟರ್ ಚೆನ್ನಾಗಿ ಓಡುತ್ತಿದೆ. ಅದರೊಳಗೆ ಏನೂ ಇಲ್ಲ.

ಮೊನ್ನೆ ಬುಧವಾರ ಬೇಗೂರಿಗೆ ಹೋದೆ. ಸುಳ್ಳು ಹೇಳಿ ಇನ್ನೆಷ್ಟು ದಿನ ತಪ್ಪಿಸಿಕೊಳ್ಳಲಿ? ಮಲ್ಲಾಜಮ್ಮ ಚಾಪೆ ಹಾಕಿ, ನೀರು ಬೆಲ್ಲ ಕೊಟ್ಟು ಕೂರಿಸಿದರು. ಫೋಟೋ ಹೋಯಿತಮ್ಮ, ಸಿಗಲಿಲ್ಲ, ನನ್ನ ಮಾತು ಸುಳ್ಳಾಯಿತು ಎಂದೆ. ಅವರು ಕೋಪ ಮಾಡಿಕೊಳ್ಳುತ್ತಾರೆಂದು ಕಾದೆ. ಮಾಡಿಕೊಳ್ಳಲಿಲ್ಲ. ಎದ್ದು ಗೋಡೆಯ ಹತ್ತಿರ ಹೋಗಿ ಸೆರಗಿನಿಂದ ಗಾಜು ಒರೆಸಿದರು. ತೇವ ಗಲ್ಲ, ಬಾಯಿ, ಮೂಗು ಎಲ್ಲವನ್ನೂ ತಿಂದುಬಿಟ್ಟಿದೆ. ಮೇಲೆ ಹಣೆಯ ವಿಭೂತಿ, ಅದರ ಕೆಳಗೆ ಎರಡು ಕಣ್ಣು, ಅಷ್ಟೇ.

"ಕಣ್ಣು ಅವೆಯಲ್ಲ ಬುಡಿ ಸಾಬ್ರೆ, ಅಷ್ಟ್ ಸಾಕು. ಬಾಗ್ಲಿಂದ ಒಳೀಕ್ ಬಂದೇಟ್ಗೆ ನನ್ನೇ ನೋಡ್ತಳ. ಉಟ್ದಾಗ್ನಿಂದ್ಲೂ ಇಂಗೇ ಇದ್ದೋ ಕಣ್ಣು, ವಸಿ ನಗ್ತಾ ಇರೋವು. ನೀವು ಎಂಗ್ ತಗ್ದ್ರೋ ಏನೋ, ಸತ್ತ್ ಮಲ್ಗಿದ್ ಮಗಿನ ಕಣ್ಣ ಅಂಗೇ ತಂದ್‌ಬುಟ್ರಿ" ಎಂದು ನನಗೆ ಕೈ ಮುಗಿದರು.

ನನಗೆ ಅಲ್ಲಿ ಕೂರಲಾಗಲಿಲ್ಲ. ಆದರೂ ಹೊರಡುವ ಮೊದಲು ಆ ಕಟ್ಟನ್ನು ಅಂಗಳದ ಬೆಳಕಿಗೆ ತಂದು, ಗಾಜು ಬಿಚ್ಚಿ, ಇದ್ದಷ್ಟನ್ನು ಕ್ಯಾಮೆರಾದಲ್ಲಿ ತೆಗೆದುಕೊಂಡು ಬಂದೆ. ಹೊಸ ಕಂಪ್ಯೂಟರಿನಲ್ಲಿ ಎರಡು ದಿನ ಕೂತು, ಪಡಿತರ ಚೀಟಿಯ ಅರ್ಧ ಮುಖವನ್ನು ನೋಡಿಕೊಂಡು ಬಾಯಿ ಗಲ್ಲ ಬರೆದೆ. ಕಣ್ಣನ್ನು ಮುಟ್ಟಲಿಲ್ಲ. ಪ್ರಿಂಟ್ ಚೆನ್ನಾಗಿಯೇ ಬಂದಿದೆ. ಈ ಸಲ ಎರಡು ಹಾಕಿಸಿದ್ದೇನೆ, ಒಂದು ಅವರಿಗೆ.

ನಿನ್ನ ಮಗಳಿಗೆ ದಿನ ತುಂಬುತ್ತಾ ಬಂತು ಎಂದು ಬರೆದಿದ್ದೀಯ. ತಾಯಿ ಮಗು ಎರಡೂ ಸುಖವಾಗಿರಲಿ, ಅಲ್ಲಾಹು ಕಾಪಾಡಲಿ, ನಿನ್ನ ಮಾದಪ್ಪನೂ ಕಾಪಾಡಲಿ. ಮಗು ಹುಟ್ಟಿದ ದಿನವೇ ಫೋಟೋ ತೆಗೆಸು. ಯಾರು ಏನೇ ಹೇಳಲಿ, ಅವತ್ತೇ ಕಾಗದದ ಮೇಲೆ ಪ್ರಿಂಟ್ ಹಾಕಿಸು, ಮೊದಲ ಪ್ರತಿ ನನಗೆ ಕಳಿಸು. ದಿಲ್ಶಾದ್ ನಿನ್ನ ಮನೆಯವರಿಗೆ ಸಲಾಮು ಹೇಳಿದ್ದಾಳೆ. ನಿನ್ನ ಕಿವಿಯನ್ನು ಯಾವುದಾದರೂ ಒಳ್ಳೆಯ ಡಾಕ್ಟರಿಗೆ ತೋರಿಸು.

ಇಂತು ನಿನ್ನ
ಹಿದಾಯತ್ ಉಲ್ಲಾ

ಮರೆತ ಮಾತು: ಮರೆತದ್ದಲ್ಲ. ಹೆಸರು ಬರೆದು ಮುಗಿಸಿದ ಮೇಲೆ ಕವರಿಗೆ ಅಂಟು ಹಚ್ಚಲು ಆಗಲಿಲ್ಲ.

ರಮ್ಯಳಿಗೆ ಮದುವೆ ಆಲ್ಬಮ್ಮಿನ ಹುಡುಗಿಯ ಕಣ್ಣು ಎಂದು ನಿನಗೆ ಬರೆದದ್ದು ಸುಳ್ಳು. ನೀನೂ ಈ ಕೆಲಸ ಕಲಿತವನು, ನಿನಗಾದರೂ ಅನುಮಾನ ಬರಬೇಕಿತ್ತು. ಯಾವ ಮದುವೆಯಲ್ಲಿ ಹುಡುಗಿ ತಲೆಯೆತ್ತಿ ನೇರ ನೋಡುತ್ತಾಳೆ? ಆಲ್ಬಮ್ಮುಗಳನ್ನೆಲ್ಲ ಹುಡುಕಿ ಸಾಕಾಗಿತ್ತು. ಎಲ್ಲ ಕಣ್ಣೂ ಕೆಳಗೆ, ಎಲ್ಲದಕ್ಕೂ ಕಾಡಿಗೆ. ಮಲ್ಲಾಜಮ್ಮ ಆಚೆ ಬೆಂಚಿನ ಮೇಲೆ ಬೆಳಗಿನಿಂದ ಕೂತಿದ್ದರು. ಕಾಲೇಜಿನಿಂದ ಬಂದ ಸುಮಯ್ಯ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ನನ್ನದು ತೆಗೆದುಕೊಳ್ಳಿ ಅಬ್ಬಾ, ಪಾಪ, ಅವಳ ಅಮ್ಮ ಕಾಯುತ್ತಿದ್ದಾರೆ" ಎಂದು ತಾನೇ ಹೋಗಿ ಲೈಟಿನ ಕೆಳಗಿನ ಸ್ಟೂಲಿನ ಮೇಲೆ ಕೂತಳು. ಮೇಷ್ಟ್ರ ಮಾತು ನೆನಪಾಗಲಿಲ್ಲ ಎಂದುಕೊಳ್ಳಬೇಡ. ನೆನಪಾಯಿತು. ಏನಾಗುತ್ತೆ ಎಂದುಕೊಂಡೇ ತೆಗೆದೆ. ನೇರವಾಗಿ, ತುಂಬು ಮುಖ, ನಗು ತಡೆದುಕೊಂಡು ಕೂತಿದ್ದಳು. ನಾನು ತೆಗೆದ ಅವಳ ಫೋಟೋಗಳಲ್ಲೆಲ್ಲ ಅದೇ ಚೆನ್ನಾದದ್ದು. ನಾಲ್ಕು ತಿಂಗಳಿಗೆ ಹೋದಳು. ಅದರಿಂದಲೇ ಹೋದಳು ಎಂದು ನಾನು ನಂಬುವುದಿಲ್ಲ ಪುಟ್ಟ. ನಂಬುವುದಿಲ್ಲ ಎಂದು ದಿನಾ ಎದ್ದು ಹೇಳಿಕೊಳ್ಳುತ್ತೇನೆ.

ಆ ಫೋಟೋ ಬೇಗೂರು ಫೋಲ್ಡರಿನಲ್ಲಿತ್ತು. ಐದು ಫೈಲಿನಲ್ಲಿ ಒಂದು ಅದು. ಒಂದು ನಿಮಿಷ ಸಾಕು ಎಂದು ರಂಜಿನಿ ಕೇಳಿದಾಗ ದಿಲ್ಶಾದ್ ನನ್ನ ತೋಳು ಹಿಡಿದು ಪಕ್ಕದಲ್ಲೇ ಕೂತಿದ್ದಳು. ಅದು ಪರದೆಯ ಮೇಲೆ ತೆರೆದುಕೊಂಡರೆ, ಸತ್ತವಳ ಫೋಟೋದ ಪಕ್ಕದಲ್ಲಿ ನನ್ನ ಮಗಳ ಮುಖ ಯಾಕೆ ಎಂದು ಅವಳು ಕೇಳುತ್ತಿದ್ದಳು. ಅದಕ್ಕೇ 'ಮನೆ' ಎಂದೆ. ಅವಳು ಬೇಡಿದ್ದ ಆ ದೊಡ್ಡ ಮುಖ ಒಂದು ನಿಮಿಷದ ದೂರದಲ್ಲಿತ್ತು. ನಾನು ಹೆದರಿ ಅದನ್ನು ಕೊಂದೆ.

ನಿನ್ನೆ ಮಧ್ಯಾಹ್ನ ಅವಳು ಊಟ ತಂದಾಗ ಆ ಎರಡು ಪ್ರಿಂಟುಗಳು 
ಸ್ಟುಡಿಯೋದ ಮೇಜಿನ ಮೇಲಿದ್ದವು. ನಾನು ಮುಚ್ಚಿಡುವಷ್ಟರಲ್ಲಿ ಅವಳು ಕೈ ಒರೆಸಿಕೊಂಡು ಒಂದನ್ನು ಎತ್ತಿಕೊಂಡಳು. ನಾನು ಕಲಿಸಿದ ಹಾಗೆ, ಅಂಚಿನಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಹೇಳಿಬಿಡಲಿ, ಗುರುತಿಸಿಬಿಡಲಿ ಎಂದೇ ನಾನು ಕಾಯುತ್ತಿದ್ದೆ.

"ಯಾರ ಮಗು ಇದು?" ಎಂದು ಕೇಳಿದಳು.

ಬೇಗೂರಿನ ಮಲ್ಲಾಜಮ್ಮನವರ ಮಗಳು ಎಂದೆ.

"ಆ ತಾಯಿಗೆ ಮುಖವಾದರೂ ಉಳಿಯಿತು" ಎಂದು ಫೋಟೋವನ್ನು ಇದ್ದಲ್ಲೇ ಇಟ್ಟಳು. ಆಮೇಲೆ ಡಬ್ಬಿ ಬಿಚ್ಚಿ, ಅನ್ನ ಆರುತ್ತದೆ ಬನ್ನಿ ಎಂದು ಕರೆದಳು.